ಸಣ್ಣ ಕೆಲಸ, ನಾಳೆ ನೋಡಣ

ಕಾಫಿ ತೋಟ ಇಟ್ಟುಕೊಂಡವರ ಮನೆಯಲ್ಲಿ ಸಣ್ಣಪುಟ್ಟ ಫಜೀತಿಗಳು ಆಗುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಸ್ವಲ್ಪ ಜಾಸ್ತಿ ಆಗುತ್ತವೆ, ಯಾಕೆಂದರೆ ಅದಕ್ಕೆ ಬೇಕಾದ ಏರ್ಪಾಡನ್ನೆಲ್ಲ ನಾನೇ ಮುಂಚಿತವಾಗಿ ಮಾಡಿಟ್ಟಿರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೋಮಾರಿಯಲ್ಲ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆ ನಮ್ಮದು ಹನ್ನೆರಡು ಎಕರೆ ರೋಬಸ್ಟಾ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಮರದ ಕೊಂಬೆ ಕಡಿಸಿ ನೆರಳು ತೆಗೆಸುವುದು, ಗೊಬ್ಬರ ಹಾಕಿಸುವುದು, ಕೊಯ್ಲು, ಇಂಥ ದೊಡ್ಡ ಕೆಲಸ ಒಂದೂ ನನ್ನಿಂದ ಒಂದು ದಿನ ತಡವಾದದ್ದಿಲ್ಲ. ತೊಂದರೆ ಇರುವುದು ಸಣ್ಣ ಕೆಲಸದಲ್ಲಿ. ಒಂದು ಮೊಳೆ, ಒಂದು ವಾಷರ್, ಅರ್ಧ ಬಾಣಲೆ ಸಿಮೆಂಟು. ಅರ್ಧ ಗಂಟೆಯ ಕೆಲಸಕ್ಕೆ ಇವತ್ತಿನ ದಿನ ಯಾಕೆ ಹಾಳುಮಾಡಬೇಕು, ನಾಳೆ ಬೇರೆ ಏನಾದರೂ ಕೆಲಸದ ಜೊತೆ ಸೇರಿಸಿ ಮಾಡಿದರಾಯಿತು ಎನ್ನುವುದು ನನ್ನ ಸಿದ್ಧಾಂತ. ಅಲ್ಲಿಯವರೆಗೆ ಬೈಂಡಿಂಗ್ ವೈರು ಮತ್ತು ಹಳೇ ಸೈಕಲ್ ಟ್ಯೂಬು ಇದ್ದೇ ಇವೆ. ಇವೆರಡರಲ್ಲಿ ಕಟ್ಟಿ ನಿಲ್ಲಿಸಲಾಗದ ವಸ್ತುವನ್ನು ನಾನು ಇನ್ನೂ ನೋಡಿಲ್ಲ.

ನನ್ನ ಹೆಂಡತಿ ಈ ಸಿದ್ಧಾಂತವನ್ನು ಒಪ್ಪುವುದಿಲ್ಲ. ಅವಳ ತವರು ದೋಣಿಗಲ್ ಹತ್ತಿರದ ಒಂದು ತೋಟ. ಅಲ್ಲಿ ಅವಳ ತಮ್ಮ ಒಂದೊಂದು ನಟ್ಟು ಬೋಲ್ಟಿಗೂ ಎಣ್ಣೆ ಹಾಕಿ ಒರೆಸಿಡುವ ಮನುಷ್ಯ. ಮದುವೆಯಾದಾಗಿನಿಂದ ಅವಳು ನನ್ನ ಹತ್ತಿರ ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಕೇಳಿದ್ದು ಒಂದೇ, ಸ್ಟೋರಿನ ಬೀಗದ ಕೈ. ಕಾಫಿ, ಮೆಣಸು, ಗೊಬ್ಬರ, ಕತ್ತಿ, ಗರಗಸ ಎಲ್ಲ ಇರುವುದು ಸ್ಟೋರಿನಲ್ಲಿ. ಅದರ ಕೀ ಯಾರ ಸೊಂಟದಲ್ಲಿದೆಯೋ ತೋಟ ಅವರ ಮಾತು ಕೇಳುತ್ತದೆ. ಅಪ್ಪನಿಂದ ನನಗೆ ಬಂದದ್ದು ಅದು. ಅವಳು ಕೇಳಿದಾಗಲೆಲ್ಲ "ಸ್ಟೋರಿನ ಜವಾಬ್ದಾರಿ ಅಂದ್ರೆ ತಮಾಷೆ ಅಲ್ಲ ಕಣೇ" ಎಂದು ಮುಖ ಗಂಭೀರ ಮಾಡಿಕೊಂಡು ಜಾರಿಕೊಳ್ಳುತ್ತಿದ್ದೆ. ಆ ಕೀ ನನ್ನ ಕೈ ತಪ್ಪಿದ್ದು ಹೇಗೆ ಎನ್ನುವುದನ್ನು ಈಗ ಹೇಳುತ್ತೇನೆ.

ಗೇಟು ತೆಗೆಯುವುದು ಹೇಗೆ

ನಮ್ಮ ಕಬ್ಬಿಣದ ಗೇಟಿನ ಕೀಲು ಮುರಿದು ಎರಡು ವರ್ಷವಾಗಿತ್ತು. ಹಾಗಂತ ಗೇಟು ಕೆಲಸ ಮಾಡುತ್ತಿರಲಿಲ್ಲ ಎಂದಲ್ಲ. ನಡುವಿನ ಪಟ್ಟಿ ಹಿಡಿದು ಒಂದು ಗೇಣು ಮೇಲೆತ್ತಬೇಕು, ಮೊಣಕಾಲಿನಿಂದ ಒಂದು ತಳ್ಳು ತಳ್ಳಬೇಕು, ಹಾಗೇ ಬೇಲಿಗೆ ಒರಗಿಸಬೇಕು, ಅಷ್ಟೆ. ಮನೆಯವರಿಗೆಲ್ಲ ಅಭ್ಯಾಸವಾಯಿತು. ಹಾಲಿನ ವ್ಯಾನಿನವನು ಕಲಿತ, ಪೋಸ್ಟಿನವನು ಕಲಿತ. ವೆಲ್ಡಿಂಗ್‌ನವನನ್ನು ಕರೆಸುವ ಕೆಲಸ ಮಾತ್ರ ನಾಳೆಗಿತ್ತು.

ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಕೆಳಗಿನ ಬಾಳೆಯೆಲ್ಲ ನೆಲಸಮ. ಆನೆ ಬಂದುಹೋಗಿತ್ತು. ಅಕ್ಕಪಕ್ಕದ ಇಬ್ಬರ ತೋಟಕ್ಕೂ ಹೋಗಿ, ಅವರ ಗೇಟುಗಳನ್ನು ಹಪ್ಪಳದ ಹಾಗೆ ಮಡಚಿ ಹಾಕಿತ್ತು. ಹಾನಿ ಬರೆದುಕೊಳ್ಳಲು ಅರಣ್ಯದ ವಾಚರ್ ಬಂದ. ಅವರಿಬ್ಬರ ಗೇಟಿನ ಫೋಟೋ ತೆಗೆದುಕೊಂಡು ನಮ್ಮಲ್ಲಿಗೆ ಬಂದು ನಿಂತು ಕೇಳಿದ.

"ಬಾಳೆ ಬರ್ಕೊಂಡೆ ಗೌಡ್ರೆ. ನಿಮ್ ಗೇಟಿನ್ ಡ್ಯಾಮೇಜು ಎಲ್ಲೈತೆ?"

"ಕಾಣಾಕಿಲ್ವಾ? ಗೇಟು ಬೀಳ್ಸೈತಲ್ಲ."

ವಾಚರ್ ಬಗ್ಗಿ ನೋಡಿದ. "ಬೀಳ್ಸಿಲ್ಲ ಗೌಡ್ರೆ, ಒರಗ್ಸೈತೆ."

ನಿಜ. ಒಂದು ಸರಳೂ ಬಾಗಿರಲಿಲ್ಲ. ಸೊಂಡಿಲಿನ ಕೆಸರು ನಡುವಿನ ಪಟ್ಟಿಗೆ, ಎಲ್ಲಿ ಹಿಡಿದು ಎತ್ತಬೇಕೋ ಸರಿಯಾಗಿ ಅಲ್ಲಿಗೇ ಮೆತ್ತಿತ್ತು. ಗೇಟು ನಾವು ದಿನಾ ಒರಗಿಸುವ ಜಾಗದಲ್ಲೇ ಒರಗಿತ್ತು.

"ನೋಡಿ ಗೌಡ್ರೆ, ಆನೆ ಗೇಟು ಮುರೀತು ಅಂತ ಬೇಕಾದಷ್ಟು ಸಲ ಬರ್ದಿದೀನಿ. ತೆಕ್ಕೊಂಡು ಒಳಗ್ ಹೋಯ್ತು ಅಂತ ಹೆಂಗ್ ಬರೀಲಿ? ಆಫೀಸ್ನಾಗೆ ನಗಾಕಿಲ್ವಾ?"

ಜಗಲಿಯ ಮೇಲೆ ನಿಂತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಹೇಳಿದಳು: "ವಾಪಸ್ ಹೋಗ್ವಾಗ ಹಾಕ್ಕೊಂಡ್ ಹೋಗ್ಲಿಲ್ಲ ಅಂತ ಬರ್ಕೊಳಪ್ಪ."

ಕಣದ ಗಿಡ

ಕಾಫಿ ಒಣಗಿಸುವ ಸಿಮೆಂಟ್ ಕಣದ ಮೂಲೆಯಲ್ಲಿ ಒಂದು ಬಿರುಕು ಬಿಟ್ಟಿತು. ನಾನು ಆಗಲೇ ಹೇಳಿದ ಅರ್ಧ ಬಾಣಲೆ ಸಿಮೆಂಟು ಇದಕ್ಕೇ ಬೇಕಾಗಿದ್ದದ್ದು. ಅಷ್ಟಕ್ಕಾಗಿ ಒಂದು ಮೂಟೆ ಒಡೆದರೆ ಉಳಿದದ್ದು ಗಟ್ಟಿಯಾಗುತ್ತದಲ್ಲ ಎಂದು ಬಿಟ್ಟೆ. ಕೊಯ್ಲಿನಲ್ಲಿ ಒಂದು ಹಣ್ಣು ಆ ಬಿರುಕಿಗೆ ಬಿದ್ದು ಮಳೆಗಾಲಕ್ಕೆ ಮೊಳಕೆ ಬಂತು.

ಕಣ ನೋಡಿಕೊಳ್ಳುವವಳು ನಮ್ಮ ಆಳುಗಳ ಲೈನ್ ಮನೆಯ ಅಜ್ಜಿ. ನನ್ನಪ್ಪನ ಕಾಲದಿಂದ ಇದ್ದಾಳೆ, ನನ್ನನ್ನು ಎತ್ತಿ ಆಡಿಸಿದವಳು. ಪೊರಕೆ ಹಿಡಿದು ಬಂದು ಕೇಳಿದಳು: "ಕಿತ್ಹಾಕ್ಲಾ ಗೌಡ್ರೆ?"

"ಬುಡಜ್ಜಿ, ಸಿಮೆಂಟು ಹಾಕೋ ದಿನ ಒಟ್ಟಿಗೇ ಕಿತ್ರಾಯ್ತು."

ಮೂರನೇ ವರ್ಷ ಗಿಡ ಹೂವಾಯಿತು. ನಾಲ್ಕನೇ ವರ್ಷ ರೆಂಬೆ ರೆಂಬೆಯಲ್ಲೂ ಗೊಂಚಲು ಗೊಂಚಲು ಹಣ್ಣು ಹೊತ್ತು ನಿಂತಿತು. ಆ ಹೊತ್ತಿಗೆ ಸರಿಯಾಗಿ ತೋಟ ನೋಡಿ ಸಲಹೆ ಕೊಡುವ ಸಾಹೇಬರೊಬ್ಬರು ಬಂದರು. ಹನ್ನೆರಡು ಎಕರೆ ಸುತ್ತಿಸಿದೆ. ಮೊನ್ನೆ ತಾನೆ ಗಿಡದ ಬೇಡದ ಚಿಗುರು ತೆಗೆಸಿದ್ದು ತೋರಿಸಿದೆ, ಗೊಬ್ಬರದ ಗುಂಡಿ ತೋರಿಸಿದೆ. ಸಾಹೇಬರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಣದ ಹತ್ತಿರ ಬಂದವರು ನಿಂತೇಬಿಟ್ಟರು.

"ಇದಪ್ಪ ಗಿಡ ಅಂದ್ರೆ! ಇಡೀ ತೋಟದಲ್ಲಿ ಇಂಥದ್ದು ಇನ್ನೊಂದಿಲ್ಲ. ಇದಕ್ಕೆ ಏನು ಕೊಡ್ತಿದೀರಿ?"

ನಾನು ಏನಾದರೂ ತೂಕವಾಗಿ ಹೇಳೋಣವೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಪೊರಕೆ ಕೆಳಗಿಟ್ಟು ಮುಂದೆ ಬಂದಳು.

"ಅದಕ್ಕೇನೂ ಕೊಡಾಕಿಲ್ಲ ಸಾಮಿ. ನಮ್ ಗೌಡ್ರು ಅದನ್ನ ನಾಳೆ ಕೀಳ್ತಾರೆ."

ಷರತ್ತಿನಲ್ಲಿ ಇಲ್ಲದ್ದು

ಸಾಹೇಬರು ಮೆಚ್ಚಿದ ಗಿಡದ ಬೇರು ಕಣದ ಅರ್ಧ ಮೂಲೆಯನ್ನೇ ಮೇಲೆತ್ತಿತು. ಆ ವರ್ಷ ಒಣಗಲು ಹರಡಿದ ಕಾಫಿ ಬಿರುಕಿನೊಳಗೆ ಸೋರಿ, ಅಜ್ಜಿ ದಿನಾ ಸಂಜೆ ಮಣ್ಣಿಂದ ಹೆಕ್ಕುತ್ತಾ ಕೂರಬೇಕಾಯಿತು. ಅದನ್ನು ನೋಡಿ ನೋಡಿ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ.

"ರೀ, ಇವತ್ತೇ ತೀರ್ಮಾನ ಆಗ್ಲಿ. ಈ ಸಲ ಹೂವಿನ ನೀರು, ಆಮೇಲಿನ ನೀರು, ಎರಡೂ ಹೊತ್ತಿಗೆ ಸರಿಯಾಗಿ ಆಗ್ಬೇಕು. ನಿಮ್ ವೈರು, ನಿಮ್ ಟ್ಯೂಬು ಎಲ್ಲೂ ಕಾಣಬಾರ್ದು. ಆಗ್ಲಿಲ್ವೋ, ಸ್ಟೋರ್ ಕೀ ನಂದು."

ಇದು ಹುಡುಗಾಟದ ಷರತ್ತಲ್ಲ. ರೋಬಸ್ಟಾಕ್ಕೆ ಕೊಯ್ಲು ಮುಗಿದು ಮೊಗ್ಗು ಬಲಿತ ಮೇಲೆ ಸ್ಪ್ರಿಂಕ್ಲರಿನಲ್ಲಿ ಒಂದು ನೀರು ಬೀಳಬೇಕು, ಆಗ ಹೂವು. ಸುಮಾರು ಇಪ್ಪತ್ತು ದಿನಕ್ಕೆ ಇನ್ನೊಂದು ನೀರು ಬೀಳಬೇಕು, ಆಗ ಕಾಯಿ. ಎರಡರಲ್ಲಿ ಒಂದು ತಪ್ಪಿದರೂ ಇಡೀ ವರ್ಷದ ಬೆಳೆ ಕೈಬಿಟ್ಟ ಹಾಗೆ. ಆದರೂ ನಾನು ಎದೆ ಸೆಟೆಸಿ ಹೇಳಿದೆ: "ಆಗ್ಲಿ, ಬರ್ಕೊ ಬೇಕಾದ್ರೆ."

ನಮ್ಮ ಮೋಟಾರು ಇರುವುದು ಕೆರೆ ದಂಡೆಯಲ್ಲಿ. ಪೈಪಿನ ಬುಡದಲ್ಲಿ, ನೀರಿನೊಳಗೆ, ಮೇಲೆ ಬಂದ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಇದೆ. ಅದರ ವಾಷರ್ ಸವೆದು ಹೋಗಿತ್ತು. ಬದಲಿಸಬೇಕಾದರೆ ಪೈಪು ಬಿಚ್ಚಬೇಕು, ಕೆರೆಗೆ ಇಳಿಯಬೇಕು. ನನಗೆ ಬೇರೆ ಉಪಾಯ ಗೊತ್ತಿತ್ತು. ಮೋಟಾರಿನ ಬಾಯಿಗೆ ಒಂದು ಹಿಡಿ ಸಗಣಿ ಕದಡಿದ ನೀರು ಹಾಕಿದರೆ ಸಗಣಿ ಹೋಗಿ ವಾಲ್ವಿನಲ್ಲಿ ಕೂತು ಸೋರಿಕೆ ನಿಲ್ಲುತ್ತದೆ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಷರತ್ತಿನಲ್ಲಿ ವೈರು ಬೇಡ, ಟ್ಯೂಬು ಬೇಡ ಅಂತಿತ್ತು, ಸಗಣಿ ಬೇಡ ಅಂತ ಇರಲಿಲ್ಲ. ಆದರೆ ಸೋಲಬಾರದು ಎನ್ನುವ ಹಟದಲ್ಲಿ ನಾನು ಒಂದು ಹಿಡಿಯ ಬದಲು ಎರಡು ಬಕೆಟ್ ಹಾಕಿಬಿಟ್ಟೆ.

ಅವತ್ತು ಅಕ್ಕನ ಕಡೆಯ ಸಾಕ್ಷಿಯಾಗಿ ಬಾಮೈದ ಬಂದಿದ್ದ. ಬೆಳ್ಳನೆಯ ಶರಟು, ಬೆಳ್ಳನೆಯ ಪಂಚೆ. ಮೋಟಾರಿನ ಹತ್ತಿರವೇ ಇದ್ದ, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಜೆಟ್ಟಿನ ಎದುರಿಗೇ ನಿಂತುಕೊಂಡ.

"ಹಾಕಿ ಭಾವ, ನೋಡಣ."

ಸ್ಟಾರ್ಟರ್ ಒತ್ತಿದೆ. ಮೋಟಾರು ಒಂದೇ ಏಟಿಗೆ ನೀರು ಎತ್ತಿತು. ಜೆಟ್ಟು ಮಾತ್ರ ಪುಸ್ ಎಂದು ಒಂದು ಸಲ ಕೆಮ್ಮಿ ನಿಂತಿತು. ಬಾಮೈದ ಏನಾಯಿತೆಂದು ಬಗ್ಗಿ ಅದರ ಬಾಯಿಗೆ ಮುಖ ಕೊಟ್ಟು ನೋಡಿದ. ಅದೇ ಹೊತ್ತಿಗೆ ಸಗಣಿಯ ಗಡ್ಡೆ ಕಿತ್ತುಬಂತು. ಜೆಟ್ಟು ಠೀವಿಯಿಂದ ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಅವನ ಮೇಲೇ ಬಂದು ಕಟ್ಟಿಕೊಂಡು ನಿಂತಿತು.

ಅವನು ಕಣ್ಣು ಒರೆಸಿಕೊಂಡ. ಮೇಲಿಂದ ಕೆಳಗೆ ತನ್ನನ್ನು ತಾನೇ ನೋಡಿಕೊಂಡ. ತುಂಬ ಮರ್ಯಾದಸ್ಥ ಹುಡುಗ.

"ಭಾವ, ನೀರು ಗೊಬ್ಬರ ಎರಡೂ ಒಟ್ಟಿಗೇ ಕೊಡ್ತಿದೀರಾ?" ಎಂದು ಕೇಳಿದ.

ಅವನೇ ಮತ್ತೆ ತನ್ನ ಜೀಪಿನಿಂದ ಹೊಸ ವಾಷರ್ ತಂದುಕೊಟ್ಟ. ಆ ಪುಣ್ಯಾತ್ಮ ಅಂಥದ್ದನ್ನೆಲ್ಲ ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಎಲ್ಲ ಜೆಟ್ಟು ಬಿಚ್ಚಿ ತೊಳೆದು ನೀರು ಕೊಡುವಷ್ಟರಲ್ಲಿ ಒಂದು ದಿನ ತಡವಾಯಿತು. ಆದರೆ ಹೂವು ಬಂತು. ತೋಟಕ್ಕೆ ತೋಟವೇ ಬೆಳ್ಳಗಾಗಿ ಗಮ್ಮೆಂದಿತು. ನನ್ನ ಹೆಂಡತಿ "ಇದು ಅರ್ಧ ಸೋಲು, ಇನ್ನೊಂದು ನೀರೈತೆ" ಎಂದಳು. ನಾನು ಬಾಮೈದನಿಗೆ ಫೋನು ಮಾಡಿ ಹೂವಿನ ಘಮ ನೋಡಲಾದರೂ ಬಾ ಎಂದೆ.

"ಬತ್ತೀನಿ ಭಾವ. ಮೊದ್ಲು ಆವತ್ತಿನ ವಾಸ್ನೆ ಮೂಗಿಂದ ಹೋಗ್ಲಿ" ಎಂದ.

ಎಲೆ ಬಾಡುವವರೆಗೆ

ಕೆರೆಯ ಮೋಟಾರಿಗೆ ಹೋಗುವ ಕರೆಂಟಿನ ತಂತಿಯ ಮೇಲೆ ಒಂದು ಹಲಸಿನ ಕೊಂಬೆ ಬಾಗಿತ್ತು. ಹೆಂಡತಿ ಮಳೆಗಾಲದಿಂದ ಹೇಳುತ್ತಿದ್ದಳು. ಈ ಸಲ ನಾನೂ ಎಚ್ಚೆತ್ತುಕೊಂಡೆ. ಎರಡನೇ ನೀರಿಗೆ ಇನ್ನೂ ದಿನ ಇರುವಾಗಲೇ ಕತ್ತಿ ಮಸೆದೆ, ಏಣಿ ಹಾಕಿದೆ. ಒಂದು ಲೋಟ ಕಾಫಿ ಕುಡಿದು ಹತ್ತೋಣವೆಂದು ಜಗಲಿಗೆ ಬಂದು ಕೂತೆ. ಲೋಟ ಇನ್ನೂ ಬಾಯಿಗೆ ಇಟ್ಟಿರಲಿಲ್ಲ, ಊರಿನಲ್ಲಿ ಡೋಲು ಕೇಳಿಸಿತು. ಸುಗ್ಗಿ ಹಬ್ಬ ಸಾರಿದರು.

ನಮ್ಮೂರಲ್ಲಿ ಸುಗ್ಗಿ ಸಾರಿದ ಮೇಲೆ ಹಬ್ಬ ಮುಗಿಯುವವರೆಗೆ ಹಸಿ ಮರಕ್ಕೆ ಕತ್ತಿ ತಾಗಿಸುವ ಹಾಗಿಲ್ಲ, ಸಾರಿಗೆ ಒಗ್ಗರಣೆ ಹಾಕುವ ಹಾಗಿಲ್ಲ. ಎಷ್ಟು ದೊಡ್ಡವನಾದರೂ ಮೀರುವುದಿಲ್ಲ, ನಾನೂ ಮೀರುವುದಿಲ್ಲ. ಏಣಿ ಇಳಿಯಿತು. ಕತ್ತಿ, ಗರಗಸ ಸ್ಟೋರಿಗೆ ಹೋದವು. ಹೆಂಡತಿ ನನ್ನ ಲೋಟದ ಕಡೆ ನೋಡಿದಳು, ಅಷ್ಟೆ.

ಮೂರನೇ ದಿನ ಸಂಜೆ ಗಾಳಿ ಎದ್ದು ಕೊಂಬೆ ತಂತಿಯನ್ನೂ ಎಳೆದುಕೊಂಡು ಕೆಳಗೆ ಬಂತು. ಲೈನ್‌ಮನ್ ಬಂದು ಫ್ಯೂಸ್ ತೆಗೆದು "ಕೊಂಬೆ ತೆಗ್ಸಿ ಗೌಡ್ರೆ, ಆಮೇಲೆ ತಂತಿ ಎಳ್ಕೊಡ್ತೀನಿ" ಎಂದು ಹೋದ. ನಾನು ಊರಿನ ಹಿರಿಯರಾದ ಪಟೇಲರನ್ನು ಕರೆದುಕೊಂಡು ಬಂದೆ.

"ಪಟೇಲ್ರೆ, ಮರದ್ ಮ್ಯಾಗಿನ ಕೊಂಬೆ ಕಡಿಯಂಗಿಲ್ಲ, ಸರಿ. ಇದು ಕೆಳಗ್ ಬಿದ್ದೈತಲ್ಲ?"

ಪಟೇಲರು ಎಲೆ ಮುಟ್ಟಿ ನೋಡಿದರು. "ಎಲ್ಲಿದ್ರೂ ಹಸಿ ಹಸಿನೇ ಕಣಪ್ಪ. ಎಲೆ ಬಾಡ್ಲಿ. ಬಾಡ್ತು ಅಂದ್ರೆ ಅದು ಸೌದೆ. ಸೌದೆಗೆ ಯಾರ ಅಡ್ಡಿನೂ ಇಲ್ಲ."

ಅವತ್ತಿನಿಂದ ದಿನಾ ಬೆಳಿಗ್ಗೆ ಎದ್ದು ಹಲಸಿನ ಎಲೆ ಮುಟ್ಟಿ ನೋಡುವುದೇ ನನ್ನ ಕೆಲಸವಾಯಿತು. ಎಲೆ ಬಾಡಲೊಲ್ಲದು. ಆಮೇಲೆ ಗೊತ್ತಾಯಿತು, ಕೊಂಬೆ ಪೂರ್ತಿ ಕಳಚಿರಲೇ ಇಲ್ಲ. ಒಂದು ಕಡೆ ತೊಗಟೆ ಇನ್ನೂ ಮರವನ್ನು ಹಿಡಿದುಕೊಂಡಿತ್ತು, ನಾನೇ ವೈರು ಸುತ್ತಿ ನಿಲ್ಲಿಸಿದ ಹಾಗೆ. ಹೂವಿನ ನೀರು ಕೊಟ್ಟು ಹದಿನೆಂಟನೇ ದಿನ ಕಳೆಯಿತು, ಇಪ್ಪತ್ತನೇ ದಿನ ಕಳೆಯಿತು. ತೋಟದಲ್ಲಿ ನಡೆದರೆ ಸಣ್ಣ ಸಣ್ಣ ಹೀಚು ಬಿಸಿಲಿಗೆ ಮಂಕಾಗಿ ಕೂತಿರುವುದು ಕಣ್ಣಿಗೆ ಬೀಳುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಆ ದಿನಗಳಲ್ಲಿ ಊಟ ಸೇರಲಿಲ್ಲ. ಮನೆಯಲ್ಲಿ ಕೇಳಿದರೆ ಒಗ್ಗರಣೆ ಇಲ್ಲದ್ದಕ್ಕೆ ಎಂದೆ.

ಕೊನೆಗೆ ನನ್ನ ತಲೆ ಓಡಿತು. ಲೈನ್ ಮನೆಯ ಅಜ್ಜಿಗೆ ಆರು ಆಡುಗಳಿದ್ದವು. ಅವುಗಳ ಹಗ್ಗ ಬಿಚ್ಚಿ ಕೊಂಬೆಯ ಕಡೆ ಬಿಟ್ಟೆ. ನಾನು ಕತ್ತಿ ಮುಟ್ಟಲಿಲ್ಲ, ಆಡಿಗೆ ಸುಗ್ಗಿ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಂಬೆ ಬೋಳಾಯಿತು. ಪಟೇಲರಿಗೆ ಹೇಳಿಕಳಿಸಿದೆ. ಬಂದರು.

"ಎಲೆ ಎಲ್ಲೋ?"

"ಬಾಡಿ ಉದುರೋದ್ವು ಪಟೇಲ್ರೆ."

ಪಟೇಲರು ನನ್ನ ಬೆನ್ನ ಹಿಂದೆ ನೋಡಿದರು. "ಮತ್ತೆ ಆ ಆಡಿನ ಬಾಯಾಗಿರೋದು ಅಷ್ಟ್ ಹಸ್ರಾಗೈತಲ್ಲ ಮಾರಾಯ?"

ಅವರು ಬೋಳು ಕೊಂಬೆಯ ಸುತ್ತ ಒಂದು ಸಲ ಬಂದು ತೀರ್ಪು ಹೇಳಿದರು: "ಇದ್ದಿದ್ದೊಂದು ಗುರುತು ಎಲೆ. ಅದನ್ನೂ ತಿನ್ಸ್‌ಬುಟ್ಟೆ. ಈಗ ಹಸಿನೋ ಒಣಗೈತೋ ನಾನು ಯಾರನ್ ಕೇಳ್ಲಿ, ಆಡನ್ನಾ? ಹಬ್ಬ ಮುಗೀಲಿ ಬುಡು."

ಬೀಗದ ಕೈ

ಹಬ್ಬ ಮುಗಿದ ಬೆಳಿಗ್ಗೆ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದರು. ಲೈನ್‌ಮನ್ ಬಂದ, ಪಟೇಲರು ಬಂದರು, ದೋಣಿಗಲ್‌ನಿಂದ ಬಾಮೈದ ಬಂದ, ಈ ಸಲ ಖಾಕಿ ಬಟ್ಟೆಯಲ್ಲಿ. ಗರಗಸ ಸ್ಟೋರಿನಲ್ಲಿತ್ತು. ಎರಡನೇ ನೀರಿನ ದಿನ ಮೀರಿ ಹೋಗಿತ್ತು. ಯಾರೂ ಕೇಳುವ ಮೊದಲೇ ನಾನು ಸೊಂಟದಿಂದ ಕೀ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ. ಮಾತು ಅಂದರೆ ಮಾತು.

ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅಷ್ಟು ವರ್ಷ ಕೇಳಿದ ವಸ್ತು. ಅವಳ ಕಣ್ಣು ತುಂಬಿದ್ದು ನನಗೆ ಕಾಣಿಸಿತು. ಮುಂದೆ ಏನಾಗುತ್ತದೆ ಎನ್ನುವುದು ಗೊತ್ತಿದ್ದವನು ನಾನು. ಹೇಳಿಬಿಡೋಣವೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಸ್ಟೋರಿನ ಕಡೆ ನಡೆದಾಗಿತ್ತು. ಎಲ್ಲರೂ ಹಿಂದೆ ಹೋದೆವು.

ಕೀ ಹಾಕಿದಳು. ತಿರುಗಲಿಲ್ಲ. ಊದಿ ಮತ್ತೆ ಹಾಕಿದಳು. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು.

"ರೀ, ಬಲಗಡೆ ತಿರುಗಿಸ್ಬೇಕೋ ಎಡಗಡೆನೋ?"

"ಯಾವ ಕಡೆ ತಿರುಗಿಸಿದ್ರೂ ಒಂದೇ ಕಣೇ" ಎಂದೆ. ಸುಳ್ಳೇನೂ ಹೇಳಲಿಲ್ಲ.

ಅವಳು ನನ್ನ ಮುಖ ನೋಡಿದಳು. ನಾನು ಬಾಮೈದನ ಮುಖ ನೋಡಿದೆ. ಬಾಮೈದ ಆಕಾಶ ನೋಡಿದ. ಹಿಂದಿನಿಂದ ಅಜ್ಜಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು.

"ಅಮ್ಮಾರೆ, ಆ ಕಡೆ ಯಾಕ್ ಕಷ್ಟ ಪಡ್ತೀರಿ? ಬೀಗ ತುಕ್ಕಿಡ್ದು ಮೂರ್ ವರ್ಷ ಆಯ್ತು. ನಮ್ ಬಾಗ್ಲು ಈ ಕಡೆಯಿಂದ ತೆಗೀತೈತೆ."

ಹಾಗೆಂದು ಕೀಲಿನ ಬದಿಗೆ ಹೋಗಿ, ಮುರಿದ ಕೀಲಿನ ಬದಲು ಸುತ್ತಿದ್ದ ಬೈಂಡಿಂಗ್ ವೈರು ಎರಡು ಸುತ್ತು ಬಿಚ್ಚಿ, ಬಾಗಿಲನ್ನು ಒಂದು ಗೇಣು ಮೇಲೆತ್ತಿ, ಮೊಣಕಾಲಿನಿಂದ ತಳ್ಳಿ ಗೋಡೆಗೆ ಒರಗಿಸಿದಳು. ಬೀಗ ಹಾಗೇ ಭದ್ರವಾಗಿ ಹಾಕಿಕೊಂಡೇ ಇತ್ತು. ಲೈನ್‌ಮನ್ ಒಳಗೆ ಹೋಗಿ ಗರಗಸ ತಂದ. ಅದು ಯಾವ ಮೂಲೆಯಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.

ಹೆಂಡತಿ ಕೀ ನೋಡಿದಳು, ಬಾಗಿಲು ನೋಡಿದಳು. "ನಿಂಗೂ ಗೊತ್ತಿತ್ತೇನೋ?" ಎಂದು ತಮ್ಮನನ್ನು ಕೇಳಿದಳು.

"ಒಂದ್ಸಲ ಗೋಣಿಚೀಲ ತಗಳಾಕೆ ಬಂದಿದ್ದೆ ಅಕ್ಕ" ಎಂದು ಅವನು ನೆಲ ನೋಡಿದ.

"ಪಟೇಲ್ರೆ, ನಿಮಗೆ?" ಪಟೇಲರು ಕೆಮ್ಮಿದರು.

"ಸರಿ" ಎಂದಳು. "ಈ ತೋಟದಾಗೆ ಆನೆಗೆ ಗೊತ್ತಿರೋದೂ ನಂಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ನನಗೆ ಮಾತ್ರ ಮೊದಲ ಬಾರಿಗೆ ನಿಜವಾಗಿ ನಾಚಿಕೆಯಾಯಿತು. ಒಂದು ಬೀಗ ತರುವ ಕೆಲಸ ಮುಂದೂಡಿ, ಅದು ಗೊತ್ತಾಗದಿರಲಿ ಎಂದು ಕೀಯನ್ನೂ ಮೂರು ವರ್ಷ ಹಿಡಿದುಕೊಂಡಿದ್ದೆನಲ್ಲ.

ಆಮೇಲಿನದ್ದೆಲ್ಲ ಅವಳ ಆಡಳಿತ. ಮಧ್ಯಾಹ್ನದೊಳಗೆ ಕೊಂಬೆ ಹೋಯಿತು, ತಂತಿ ಬಂತು, ಸಂಜೆಗೆ ಜೆಟ್ಟು ತಿರುಗಿತು. ತೋಟದ ಮೇಲಿನ ಏರಿನಲ್ಲಿ ಕಾಯಿ ಕಮ್ಮಿ ನಿಂತರೂ ಬೆಳೆ ಉಳಿಯಿತು. ಅದೇ ವಾರ ಗೇಟಿಗೆ ವೆಲ್ಡಿಂಗ್ ಆಯಿತು, ಸ್ಟೋರಿಗೆ ಹೊಸ ಕೀಲು, ಹೊಸ ಬೀಗ ಬಂತು. ಎಲ್ಲ ಸೇರಿ ಅರ್ಧ ದಿನವೂ ಹಿಡಿಯಲಿಲ್ಲ. ಕಣದ ಗಿಡವನ್ನು ಮಾತ್ರ ಅಜ್ಜಿ ಕೀಳಲು ಬಿಡಲಿಲ್ಲ.

ಹೊಸ ಬೀಗದ ಕೀ ಈಗ ಹೆಂಡತಿಯ ಸೊಂಟದಲ್ಲಿದೆ. ಬೆಳಿಗ್ಗೆ ಒಂದು ಕತ್ತಿ ಬೇಕೆಂದರೂ ನಾನು ಅಡುಗೆಮನೆ ಬಾಗಿಲಲ್ಲಿ ಕಾದು ನಿಲ್ಲಬೇಕು. ಮೊನ್ನೆ ಧೈರ್ಯ ಮಾಡಿ ಕೇಳಿದೆ.

"ಅಲ್ಲ ಕಣೇ, ನಂಗೂ ಒಂದು ಕೀ ಮಾಡ್ಸಿ ಕೊಡಬಾರ್ದಾ? ಹತ್ತು ನಿಮಿಷದ ಕೆಲ್ಸ."

ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, ತಿರುಗಿಯೂ ನೋಡದೆ ಹೇಳಿದಳು: "ಸಣ್ಣ ಕೆ‌ಲ್ಸ ಕಣ್ರೀ, ನಾಳೆ ನೋಡಣ."